ನೆಲದ ದೇಹ, ಬಾನಿನ ದುಡಿಮೆ

ಪಶ್ಚಿಮ ಬೆಂಗಳೂರಿನ ಲಗ್ಗೆರೆಗೂ ಬಾಹ್ಯಾಕಾಶಕ್ಕೂ ನಂಟುಂಟು ಎಂದರೆ ಲಗ್ಗೆರೆಯವರೇ ನಗಬಹುದು. ಒಂದು ಕಾಲಕ್ಕೆ ಊರಾಚೆಯ ಹಳ್ಳಿಯಾಗಿದ್ದು, ಪಕ್ಕದ ಪೀಣ್ಯದಲ್ಲಿ ಕಾರ್ಖಾನೆಗಳು ಎದ್ದಂತೆಲ್ಲ ದುಡಿಯುವವರ ಮನೆಗಳಿಂದ ತುಂಬಿಕೊಂಡ ಬಡಾವಣೆ ಇದು. ಲೇತ್ ಯಂತ್ರಗಳ ಸದ್ದು, ಗಾರ್ಮೆಂಟ್ಸಿಗೆ ಹೋಗಿಬರುವ ಹೆಣ್ಣುಮಕ್ಕಳ ಸಾಲು, ಪಾಳಿ ಬದಲಾಗುವ ಹೊತ್ತಿನ ಗದ್ದಲ, ರಿಂಗ್ ರಸ್ತೆಯ ಲಾರಿಗಳು ಇಲ್ಲಿನ ದಿನಚರಿ. ಆದರೆ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ರೂಪುಗೊಂಡದ್ದು ಇದೇ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿ ಜಿಲ್ಲೆಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ತರುಣ ಎಂಜಿನಿಯರುಗಳ ತಂಡವೊಂದು ಅಲ್ಲಿ ಕೂಡಿಸಿದ 360 ಕಿಲೋ ತೂಕದ ಆ ಯಂತ್ರ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಕಕ್ಷೆಗೆ ಏರಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಅದರ ನಾಡಿ ಹಿಡಿದು ಕೂತಿದ್ದ ಇಸ್ರೋದ ನಿಯಂತ್ರಣ ಕೇಂದ್ರವೂ ಪೀಣ್ಯದಲ್ಲೇ ಇದೆ.

ಉಪಗ್ರಹಕ್ಕೆ ಉಸಿರು ಬೇಡ, ನಿದ್ದೆ ಬೇಡ, ತಲೆಸುತ್ತು ಬರುವುದಿಲ್ಲ. ಅದರ ಜಾಗದಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿದ ಕ್ಷಣಕ್ಕೆ ಲೆಕ್ಕವೆಲ್ಲ ಬದಲಾಗುತ್ತದೆ. ಲೋಹ ತಡೆದುಕೊಳ್ಳುವುದನ್ನು ರಕ್ತಮಾಂಸ ತಡೆಯಲಾರದು. ಈ ಎರಡನೆಯ ಲೆಕ್ಕವನ್ನು ಮಾಡುವ ಸಂಸ್ಥೆಯೂ ಬೆಂಗಳೂರಿನಲ್ಲೇ ಇದೆ. ಲಗ್ಗೆರೆಯಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ನಗರದ ಇನ್ನೊಂದು ತುದಿಯ ವಿಮಾನಪುರದಲ್ಲಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ. ಹೆಸರು ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. ಭಾರತೀಯ ವಾಯುಪಡೆಗೆ ಸೇರಿದ ಈ ಸಂಸ್ಥೆ 1957ರಲ್ಲಿ ವೈಮಾನಿಕ ವೈದ್ಯಶಾಸ್ತ್ರದ ಶಾಲೆಯಾಗಿ ಆರಂಭವಾಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ ವಿಮಾನ ಕಾರ್ಖಾನೆ ಪಕ್ಕದಲ್ಲೇ ಇದ್ದುದರಿಂದ, ವಿಮಾನ, ಅದನ್ನು ಪರೀಕ್ಷಿಸುವ ಚಾಲಕ, ಚಾಲಕನನ್ನು ಪರೀಕ್ಷಿಸುವ ವೈದ್ಯ ಮೂವರೂ ಒಂದೇ ನೆರೆಯಲ್ಲಿ ಕೂಡಿದಂತಾಯಿತು.

ವೈದ್ಯಶಾಸ್ತ್ರದ ಬೇರೆ ಶಾಖೆಗಳಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಸಾಮಾನ್ಯ ವೈದ್ಯರು ಸಹಜ ವಾತಾವರಣದಲ್ಲಿರುವ ಅಸ್ವಸ್ಥ ದೇಹವನ್ನು ನೋಡುತ್ತಾರೆ. ವೈಮಾನಿಕ ವೈದ್ಯರು ನೋಡುವುದು ಅಸಹಜ ವಾತಾವರಣಕ್ಕೆ ಹೋಗಿ ನಿಂತ ಆರೋಗ್ಯವಂತ ದೇಹವನ್ನು. ರಾಮಾಯಣದ ಸಂಪಾತಿ ಇದಕ್ಕೆ ಒಳ್ಳೆಯ ನಿದರ್ಶನ. ಅವನ ರೆಕ್ಕೆಗಳಲ್ಲಿ ಯಾವ ದೋಷವೂ ಇರಲಿಲ್ಲ. ತಮ್ಮ ಜಟಾಯುವನ್ನು ಕಾಯಲು ಸೂರ್ಯನ ಹತ್ತಿರಕ್ಕೆ ಹೋದದ್ದರಿಂದ ಅವು ಸುಟ್ಟುಹೋದವು.

ಉಸಿರಿನ ಲೆಕ್ಕ

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿದೆ. ಇಲ್ಲಿ ಯಾರಿಗೂ ಉಸಿರು ಕಟ್ಟುವುದಿಲ್ಲ. 18,000 ಅಡಿಗೆ ಹೋದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ಶೇಕಡ 21. ಆದರೆ ಅದನ್ನು ಶ್ವಾಸಕೋಶದಿಂದ ರಕ್ತಕ್ಕೆ ನೂಕುವ ಒತ್ತಡವೇ ಕುಗ್ಗಿರುತ್ತದೆ. ಎತ್ತರ ಹೆಚ್ಚಿದಂತೆ ಮನುಷ್ಯನಿಗೆ ‘ಬುದ್ಧಿ ಕೆಲಸ ಮಾಡುವ ಸಮಯ’ ಎಷ್ಟು ಉಳಿಯುತ್ತದೆ ಎಂಬುದನ್ನು ವೈದ್ಯರು ಲೆಕ್ಕ ಹಾಕಿದ್ದಾರೆ. 25,000 ಅಡಿಯಲ್ಲಿ ಮೂರರಿಂದ ಐದು ನಿಮಿಷ, 35,000 ಅಡಿಯಲ್ಲಿ ಅರ್ಧದಿಂದ ಒಂದು ನಿಮಿಷ, 40,000 ಅಡಿಯಲ್ಲಿ 15ರಿಂದ 20 ಸೆಕೆಂಡು. 63,000 ಅಡಿ ದಾಟಿದರೆ ಒತ್ತಡ ಎಷ್ಟು ಕಡಿಮೆಯೆಂದರೆ, ದೇಹದ ಬಿಸಿಗೇ ಅದರೊಳಗಿನ ನೀರು ಆವಿಯಾಗತೊಡಗುತ್ತದೆ.

ಈ ಕೊರತೆಯ ಅಪಾಯ ಇರುವುದು ಅದು ನೋವು ಕೊಡದೆ ಇರುವುದರಲ್ಲಿ. 1875ರ ಏಪ್ರಿಲ್ 15ರಂದು ಫ್ರಾನ್ಸಿನಲ್ಲಿ ‘ಝೆನಿತ್’ ಎಂಬ ಬೆಲೂನು ಮೂವರನ್ನು ಹೊತ್ತು 8,000 ಮೀಟರಿಗೂ ಮೇಲೆ ಏರಿತು. ಅವರ ಬಳಿ ಆಮ್ಲಜನಕದ ಚೀಲಗಳಿದ್ದವು. ಬೇಕೆನಿಸಿದ ಹೊತ್ತಿಗೆ ಅವುಗಳತ್ತ ಕೈ ಎತ್ತುವ ಶಕ್ತಿ ಉಳಿದಿರಲಿಲ್ಲ. ಸಿವೆಲ್ ಮತ್ತು ಕ್ರೋಸೆ-ಸ್ಪಿನೆಲ್ಲಿ ಸತ್ತರು. ಬದುಕುಳಿದ ಗಾಸ್ತೋನ್ ತಿಸಾಂದಿಯೆ ಕಿವಿ ಕೇಳದವನಾದ. ಮೇಲೆ ಏರುವಾಗ ಅವನಿಗೆ ಸಂಕಟವಾಗಿರಲಿಲ್ಲ, ಒಂದು ಬಗೆಯ ಒಳಸಂತೋಷವೇ ಆಗಿತ್ತು. ಇವರನ್ನು ಮೊದಲೇ ತನ್ನ ಕಡಿಮೆ ಒತ್ತಡದ ಕೋಣೆಯಲ್ಲಿ ಕೂರಿಸಿ ಪ್ರಯೋಗ ಮಾಡಿದ್ದ ಪಾಲ್ ಬೆರ್ 1878ರಲ್ಲಿ ವಾಯು ಒತ್ತಡದ ಕುರಿತು ದೊಡ್ಡ ಗ್ರಂಥ ಪ್ರಕಟಿಸಿದ. ವೈಮಾನಿಕ ವೈದ್ಯಶಾಸ್ತ್ರಕ್ಕೆ ಅದೇ ಬುನಾದಿ.

ವಿಮಾನಪುರದ ಸಂಸ್ಥೆಯಲ್ಲಿರುವ ಕಡಿಮೆ ಒತ್ತಡದ ಕೋಣೆ ಪಾಲ್ ಬೆರ್‌ನ ಆ ಕೋಣೆಯ ಮರಿಮಗ. ಇಂಥ ಕೋಣೆಯಲ್ಲಿ ಚಾಲಕರನ್ನು ಕೂರಿಸಿ ಗಾಳಿ ತೆಗೆದು, ಆಮ್ಲಜನಕದ ಮುಖವಾಡ ಕಳಚಿಸಿ, ಹೆಸರು ಬರೆಯಲು, ಸಣ್ಣ ಕಳೆಯುವ ಲೆಕ್ಕ ಮಾಡಲು ಹೇಳುತ್ತಾರೆ. ಎರಡು ಮೂರು ನಿಮಿಷದಲ್ಲಿ ಅಕ್ಷರ ಸೊಟ್ಟಗಾಗುತ್ತದೆ, ಲೆಕ್ಕ ತಪ್ಪುತ್ತದೆ. ಬರೆಯುವವನಿಗೆ ಮಾತ್ರ ಎಲ್ಲವೂ ಸರಿಯಾಗಿಯೇ ಇದೆ ಎನಿಸುತ್ತಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಮುನ್ಸೂಚನೆ. ಕೆಲವರಿಗೆ ಬೆರಳು ಜುಮ್ಮೆನ್ನುತ್ತದೆ, ಕೆಲವರಿಗೆ ಕಾರಣವಿಲ್ಲದೆ ನಗು ಬರುತ್ತದೆ. ತನ್ನ ಮುನ್ಸೂಚನೆ ಯಾವುದೆಂದು ತಿಳಿದುಕೊಳ್ಳುವುದೇ ಈ ತರಬೇತಿಯ ಉದ್ದೇಶ.

ಪ್ರಯಾಣಿಕರ ವಿಮಾನದಲ್ಲಿ ಒಳಗಿನ ಒತ್ತಡವನ್ನು 8,000 ಅಡಿಯ ಮಟ್ಟಕ್ಕಿಂತ ಕೆಳಗೆ ಹೋಗದಂತೆ ಕಾಯ್ದುಕೊಂಡಿರುತ್ತಾರೆ. ಇಳಿಯುವಾಗ ಮಗು ಅಳುವುದಕ್ಕೂ, ದೊಡ್ಡವರಿಗೆ ಕಿವಿ ಮುಚ್ಚಿಕೊಳ್ಳುವುದಕ್ಕೂ, ಹುಳುಕು ಹಲ್ಲಿನಲ್ಲಿ ನೋವು ಬರುವುದಕ್ಕೂ ಕಾರಣ ಈ ಒತ್ತಡದ ಏರಿಳಿತವೇ. ಒತ್ತಡ ಕಾಯುವ ವ್ಯವಸ್ಥೆ ಕೈಕೊಟ್ಟರೆ ಏನಾದೀತು ಎಂಬುದನ್ನು 2005ರ ಆಗಸ್ಟ್ 14ರಂದು ಗ್ರೀಸಿನ ಮೇಲೆ ಹಾರುತ್ತಿದ್ದ ಹೀಲಿಯೋಸ್ ಸಂಸ್ಥೆಯ ವಿಮಾನ ತೋರಿಸಿತು. ಎಚ್ಚರ ತಪ್ಪಿದ ಚಾಲಕರನ್ನು ಹೊತ್ತು ಅದು ತಾನೇ ತಾನಾಗಿ ಹಾರುತ್ತ ಹೋಗಿ, ಇಂಧನ ಮುಗಿದು ಬಿತ್ತು. 121 ಮಂದಿ ಸತ್ತರು.

ಯುದ್ಧವಿಮಾನಗಳಲ್ಲಿ ಚಾಲಕನಿಗೆ ಬೇಕಾದ ಆಮ್ಲಜನಕವನ್ನು ಹಿಂದೆ ಸಿಲಿಂಡರಿನಲ್ಲಿ ಒಯ್ಯುತ್ತಿದ್ದರು. ಅದು ಮುಗಿದರೆ ಹಾರಾಟವೂ ಮುಗಿಯಿತು. ಹಾರುತ್ತಲೇ ಹೊರಗಿನ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿಕೊಳ್ಳುವ ವ್ಯವಸ್ಥೆಯನ್ನು ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ‘ಡೆಬೆಲ್’ ರೂಪಿಸಿದೆ. ತೇಜಸ್ ವಿಮಾನದಲ್ಲಿ 2025ರ ಮಾರ್ಚ್ 4ರಂದು ಅದರ ಎತ್ತರದ ಪರೀಕ್ಷೆ ಯಶಸ್ವಿಯಾಗಿ ನಡೆಯಿತು.

ರಕ್ತದ ಭಾರ

ಬಿಎಂಟಿಸಿ ಬಸ್ಸು ತಿರುವಿನಲ್ಲಿ ಜೋರಾಗಿ ಹೊರಳಿದಾಗ ನಿಂತವರು ಒಂದು ಬದಿಗೆ ಒರಗುತ್ತಾರೆ. ಯುದ್ಧವಿಮಾನ ಹೊರಳುವಾಗ ಇದೇ ಬಲ ಹಲವು ಪಟ್ಟು ಹೆಚ್ಚಾಗಿ, ಚಾಲಕನ ತಲೆಯಿಂದ ಪಾದದ ಕಡೆಗೆ ಒತ್ತುತ್ತದೆ. ಭೂಮಿಯ ಸಾಮಾನ್ಯ ಸೆಳೆತವನ್ನು ಒಂದು ‘ಜಿ’ ಎಂದು ಕರೆದರೆ, ಈಗಿನ ಯುದ್ಧವಿಮಾನಗಳು ಎಂಟು ಒಂಬತ್ತು ‘ಜಿ’ವರೆಗೆ ಹೋಗಬಲ್ಲವು. ತಲೆ ಮತ್ತು ಹೆಲ್ಮೆಟ್ ಸೇರಿ ಆರು ಕಿಲೋ ಎಂದಿಟ್ಟುಕೊಂಡರೆ, ಒಂಬತ್ತು ‘ಜಿ’ಯಲ್ಲಿ ಕುತ್ತಿಗೆ ಹೊರಬೇಕಾದದ್ದು 54 ಕಿಲೋ. ಸಿಮೆಂಟಿನ ಒಂದು ಮೂಟೆಗಿಂತ ಹೆಚ್ಚು.

ಆದರೂ ಕುತ್ತಿಗೆಗಿಂತ ದೊಡ್ಡ ಚಿಂತೆ ರಕ್ತದ್ದು. ಕೂತ ಮನುಷ್ಯನ ಕಣ್ಣು, ಮಿದುಳು ಹೃದಯಕ್ಕಿಂತ ಸುಮಾರು ಒಂದಡಿ ಮೇಲಿರುತ್ತವೆ. ಈ ಒಂದಡಿ ಮೇಲೆತ್ತಲು ಪ್ರತಿ ‘ಜಿ’ಗೆ ಸುಮಾರು 22 ಮಿಲಿಮೀಟರ್ ಪಾದರಸದಷ್ಟು ರಕ್ತದೊತ್ತಡ ಖರ್ಚಾಗುತ್ತದೆ. ಹೃದಯ ಒತ್ತುವುದು 120 ಎಂದಾದರೆ, ನಾಲ್ಕೂವರೆ ‘ಜಿ’ಯ ಹೊತ್ತಿಗೆ ಅದರಲ್ಲಿ 99 ಖರ್ಚಾಗಿ ಕಣ್ಣಿಗೆ ಉಳಿಯುವುದು 21 ಮಾತ್ರ. ಕಣ್ಣುಗುಡ್ಡೆಯೊಳಗೆ ಅದರದೇ ಒತ್ತಡವಿರುವುದರಿಂದ ಅಷ್ಟು ಅಲ್ಪ ರಕ್ತ ಒಳಗೆ ಹೋಗಲಾರದು. ಹೀಗಾಗಿ ಮೊದಲು ಬಣ್ಣಗಳು ಮಾಸುತ್ತವೆ, ಆಮೇಲೆ ಅಂಚುಗಳಿಂದ ಕತ್ತಲು ಮುಚ್ಚಿಕೊಳ್ಳುತ್ತದೆ, ಕೊನೆಗೆ ಎಚ್ಚರ ತಪ್ಪುತ್ತದೆ. ಮಿದುಳಿನಲ್ಲಿ ಉಳಿದಿರುವ ಆಮ್ಲಜನಕ ನಾಲ್ಕಾರು ಸೆಕೆಂಡಿಗಷ್ಟೇ ಸಾಕು. ಎಚ್ಚರ ತಪ್ಪಿದವನು ಕಣ್ಣು ತೆರೆಯಲು ಸುಮಾರು 12 ಸೆಕೆಂಡು, ತಾನೆಲ್ಲಿದ್ದೇನೆ ಎಂದು ತಿಳಿಯಲು ಇನ್ನೊಂದು 12 ಸೆಕೆಂಡು ಬೇಕು. ಅಷ್ಟರಲ್ಲಿ ವಿಮಾನ ಐದಾರು ಕಿಲೋಮೀಟರ್ ಸಾಗಿರುತ್ತದೆ, ಅದೂ ಹಲವು ಸಲ ನೆಲದ ಕಡೆಗೆ.

ಇದಕ್ಕೆ ಎರಡು ಉಪಾಯಗಳುಂಟು. ಒಂದು, ಗಾಳಿ ತುಂಬಿ ಕಾಲು ಮತ್ತು ಹೊಟ್ಟೆಯನ್ನು ಬಿಗಿಹಿಡಿಯುವ ಉಡುಪು. ರಕ್ತ ಕೆಳಗೆ ಮಡುಗಟ್ಟದಂತೆ ಅದು ತಡೆಯುತ್ತದೆ. ಆದರೆ ಅದರಿಂದ ಸಿಗುವ ಲಾಭ ಒಂದೂವರೆ ‘ಜಿ’ಗಿಂತ ಹೆಚ್ಚಲ್ಲ. ಇನ್ನೊಂದು, ಚಾಲಕ ತಾನೇ ಕಾಲು ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿದು, ಮೂರು ಮೂರು ಸೆಕೆಂಡಿಗೊಮ್ಮೆ ತುಂಡು ಉಸಿರು ತೆಗೆದುಕೊಳ್ಳುವುದು. ಗರಡಿಯಲ್ಲಿ ಪಟ್ಟು ಹಿಡಿದ ಪೈಲ್ವಾನ ದಮ್ಮು ಕಟ್ಟುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇದನ್ನು ಕಲಿಸುವುದು ‘ಸೆಂಟ್ರಿಫ್ಯೂಜ್’ ಎಂಬ ಯಂತ್ರದ ಮೇಲೆ. ಉದ್ದದ ತೋಳಿನ ತುದಿಯ ಗೂಡಿನಲ್ಲಿ ಚಾಲಕನನ್ನು ಕೂರಿಸಿ ಗರಗರ ತಿರುಗಿಸುವ ಇಂಥ ಯಂತ್ರ ವಿಮಾನಪುರದಲ್ಲಿದೆ. ವೈದ್ಯರು ಹೊರಗಿನಿಂದ ಅವನ ಮುಖ ಮತ್ತು ಎದೆಬಡಿತವನ್ನು ನೋಡುತ್ತಿರುತ್ತಾರೆ. ಎಚ್ಚರ ತಪ್ಪಬೇಕಾದರೆ ಅಲ್ಲಿ ತಪ್ಪಲಿ, ಆಕಾಶದಲ್ಲಿ ಬೇಡ ಎಂಬುದು ಅದರ ತತ್ವ.

ಕಿವಿ ಹೇಳುವ ಸುಳ್ಳು

ಜಾತ್ರೆಯ ತಿರುಗುಣಿಯಿಂದ ಇಳಿದ ಮಗುವಿಗೆ ನೆಲವೇ ತಿರುಗುತ್ತಿರುವಂತೆ ಅನಿಸುತ್ತದೆ. ಒಳಗಿವಿಯ ಅರ್ಧವರ್ತುಲ ನಾಳಗಳಲ್ಲಿರುವ ದ್ರವ ಇನ್ನೂ ಚಲಿಸುತ್ತಿರುವುದೇ ಇದಕ್ಕೆ ಕಾರಣ. ಈ ನಾಳಗಳು ತಿರುಗುವಿಕೆಯ ಬದಲಾವಣೆಯನ್ನು ಗುರುತಿಸುತ್ತವೆಯೇ ಹೊರತು ತಿರುಗುವಿಕೆಯನ್ನಲ್ಲ. ಒಂದೇ ವೇಗದಲ್ಲಿ ಇಪ್ಪತ್ತು ಸೆಕೆಂಡು ತಿರುಗುತ್ತಿದ್ದರೆ, ತಿರುಗುತ್ತಿಲ್ಲ ಎಂದೇ ಅವು ಹೇಳತೊಡಗುತ್ತವೆ. ನೆಲದ ಮೇಲೆ ಈ ತಪ್ಪನ್ನು ಕಣ್ಣು ತಿದ್ದುತ್ತದೆ. ಮೋಡದೊಳಗೆ ಅಥವಾ ಕತ್ತಲ ಸಮುದ್ರದ ಮೇಲೆ ಕಣ್ಣಿಗೆ ಹಿಡಿಯಲು ಏನೂ ಇರುವುದಿಲ್ಲ. ಒಂದು ಬದಿಗೆ ವಾಲಿದ ವಿಮಾನವನ್ನು ಚಾಲಕ ‘ನೆಟ್ಟಗಿದೆ’ ಎಂದು ನಂಬಬಹುದು. ಅದನ್ನು ನಿಜವಾಗಿ ನೆಟ್ಟಗೆ ಮಾಡಿದಾಗ ‘ಈಗ ವಾಲಿತು’ ಎಂದು ಮತ್ತೆ ವಾಲಿಸಲೂಬಹುದು.

1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಎಂಬ ಜಂಬೋ ವಿಮಾನ ಏರಿದ ಕೆಲವೇ ನಿಮಿಷಗಳಲ್ಲಿ ಅರಬ್ಬಿ ಸಮುದ್ರಕ್ಕೆ ಬಿತ್ತು. 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ವಿಮಾನದ ವಾಲುವಿಕೆ ತೋರಿಸುವ ಮುಖ್ಯ ಚಾಲಕನ ಉಪಕರಣ ಕೆಟ್ಟು ತಪ್ಪು ತೋರಿಸಿತ್ತು. ಹೊರಗೆ ಕಡಲಿನ ಕತ್ತಲು. ಉಪಕರಣವೂ ಸುಳ್ಳು ಹೇಳಿ, ಕಿವಿಯೂ ನಿಜ ಹೇಳಲಾರದಾದಾಗ ಅನುಭವವೂ ಕೈಗೆ ಬರಲಿಲ್ಲ. ‘ನಿನ್ನ ದೇಹ ಹೇಳಿದ್ದನ್ನು ನಂಬಬೇಡ, ಒಂದೇ ಉಪಕರಣ ಹೇಳಿದ್ದನ್ನೂ ನಂಬಬೇಡ, ಎಲ್ಲವನ್ನೂ ತಾಳೆ ನೋಡು’ ಎಂಬ ಪಾಠವನ್ನು ಚಾಲಕರಿಗೆ ಮತ್ತೆ ಮತ್ತೆ ಹೇಳಿಕೊಡುವುದು ಇದಕ್ಕಾಗಿಯೇ. ಈ ಭ್ರಮೆಗಳನ್ನು ನೆಲದ ಮೇಲೇ ಹುಟ್ಟಿಸಿ ತೋರಿಸುವ ಯಂತ್ರಗಳೂ ಈ ತರಬೇತಿಯ ಭಾಗ.

ನಿದ್ದೆಯ ಸಾಲ

ಇಲ್ಲಿಯವರೆಗೆ ಹೇಳಿದ್ದು ಎತ್ತರ ಮತ್ತು ವೇಗದ ತೊಂದರೆಗಳು. ಇನ್ನೊಂದು ತೊಂದರೆ ಲಗ್ಗೆರೆಯ ಮನೆಮನೆಗೂ ಗೊತ್ತಿರುವಂಥದು, ರಾತ್ರಿ ಪಾಳಿ. ಪೀಣ್ಯದಲ್ಲಿ ಮೂರನೇ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗುವವನಿಗೆ ಎಂಟು ಗಂಟೆ ಮಲಗಿದರೂ ದಣಿವು ಆರುವುದಿಲ್ಲ. ಮನುಷ್ಯನ ಮಿದುಳಿನಲ್ಲಿ ಒಂದು ಗಡಿಯಾರವಿದೆ. ಅದು ಪಾಳಿಯ ಸೈರನ್ನಿಗೆ ತಿರುಗುವುದಿಲ್ಲ, ಸೂರ್ಯನ ಬೆಳಕಿಗೆ ತಿರುಗುತ್ತದೆ. ಬೆಳಗಿನ ಜಾವ ಎರಡರಿಂದ ಆರರವರೆಗೆ ದೇಹದ ಬಿಸಿ ಇಳಿದಿರುತ್ತದೆ, ಎಚ್ಚರ ತೀರ ತಗ್ಗಿರುತ್ತದೆ. ಯಂತ್ರಕ್ಕೆ ಕೈ ಕೊಟ್ಟುಕೊಳ್ಳುವ, ಹೆದ್ದಾರಿಯಲ್ಲಿ ಲಾರಿ ಹಳ್ಳಕ್ಕೆ ಇಳಿಯುವ ಹೊತ್ತು ಇದು. ವಿಮಾನ ಚಾಲಕನಿಗೂ ಇದೇ ಕೆಟ್ಟ ಹೊತ್ತು.

ಇದರ ಬೆಲೆಯನ್ನು ಕರ್ನಾಟಕ ತೆತ್ತಿದೆ. 2010ರ ಮೇ 22ರ ಬೆಳಿಗ್ಗೆ ಆರರ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ, ಗುಡ್ಡದ ನೆತ್ತಿ ಸವರಿ ಮಾಡಿದ ರನ್‌ವೇ ದಾಟಿ ಕಂದಕಕ್ಕೆ ಉರುಳಿತು. 166 ಮಂದಿಯಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಕೊಲ್ಲಿಯಲ್ಲಿ ದುಡಿದು ಊರಿಗೆ ಬರುತ್ತಿದ್ದವರು, ಅವರ ಹೆಂಡತಿ ಮಕ್ಕಳು. ಮಂಗಳೂರು, ಕಾಸರಗೋಡು ಕಡೆಯ ಎಷ್ಟೋ ಮನೆಗಳಿಗೆ ಆ ದಿನ ಮರೆಯಲಾಗದ್ದು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖೆ ವಿಮಾನದ ಧ್ವನಿಮುದ್ರಣವನ್ನು ಕೇಳಿದಾಗ, ಮುಖ್ಯ ಚಾಲಕ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ದೆಯಲ್ಲಿದ್ದುದು ಗೊರಕೆಯ ಸದ್ದಿನಿಂದ ತಿಳಿಯಿತು. ವಿಮಾನ ಇಳಿಯಬೇಕಾದ್ದಕ್ಕಿಂತ ಹೆಚ್ಚು ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂದಿತ್ತು. ‘ಇಳಿಯುವುದು ಬೇಡ, ಮತ್ತೆ ಮೇಲೇರೋಣ’ ಎಂದು ಸಹಚಾಲಕ ಮೂರು ಸಲ ಹೇಳಿದ್ದರು. ವಿಮಾನ ನೆಲ ಮುಟ್ಟಿದ್ದು ಅರ್ಧಕ್ಕಿಂತ ಹೆಚ್ಚು ರನ್‌ವೇ ಹಿಂದೆ ಉಳಿದ ಮೇಲೆ.

ನಿದ್ದೆ ಮಾಡಿದ್ದೇ ತಪ್ಪು ಎಂದು ಇದನ್ನು ಓದಿ ಮುಗಿಸಿದರೆ ಪಾಠ ಅರ್ಧವಾಗುತ್ತದೆ. ಗಾಢ ನಿದ್ದೆಯಿಂದ ಎದ್ದವನ ಮಿದುಳು ಕೆಲವು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆಯವರೆಗೂ ಮಂಕಾಗಿರುತ್ತದೆ. ಆ ಮಂಕಿನಲ್ಲಿ ತೀರ್ಮಾನ ತಪ್ಪುತ್ತದೆ, ಹಿಡಿದದ್ದನ್ನು ಬಿಡದ ಹಟ ಬರುತ್ತದೆ. ಮಂಗಳೂರಿನ ತನಿಖೆಯೂ ಇದನ್ನು ಎತ್ತಿ ಹೇಳಿತು. ವಿಚಿತ್ರವೆಂದರೆ ಚಿಕ್ಕ ನಿದ್ದೆ ಒಳ್ಳೆಯದನ್ನೇ ಮಾಡುತ್ತದೆ. ದೂರದ ಹಾರಾಟದ ಚಾಲಕರಿಗೆ ಸರದಿಯಂತೆ 40 ನಿಮಿಷ ವಿಶ್ರಾಂತಿ ಕೊಟ್ಟು ನಾಸಾ ನಡೆಸಿದ ಅಧ್ಯಯನದಲ್ಲಿ ಅವರು ಸರಾಸರಿ 26 ನಿಮಿಷ ಮಲಗಿದರು. ಇಳಿಯುವ ಹೊತ್ತಿಗೆ ಅವರ ಎಚ್ಚರ, ಮಲಗದವರ ಎಚ್ಚರಕ್ಕಿಂತ ಚೆನ್ನಾಗಿತ್ತು. ಯಾವಾಗ ಮಲಗಬೇಕು, ಎಷ್ಟು ಹೊತ್ತು, ಎದ್ದ ಮೇಲೆ ಎಷ್ಟು ಹೊತ್ತಿನವರೆಗೆ ಚುಕ್ಕಾಣಿ ಹಿಡಿಯಬಾರದು ಎಂಬ ಕಟ್ಟಳೆ ಮುಖ್ಯ.

ಕಟ್ಟಳೆ ಬರೆಯುವುದು ಸುಲಭ, ನಡೆಸುವುದು ಕಷ್ಟ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ಚಾಲಕರ ದುಡಿಮೆಯ ನಿಯಮಗಳನ್ನು ಬಿಗಿಗೊಳಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ‘ರಾತ್ರಿ’ಯ ವ್ಯಾಪ್ತಿ ಬೆಳಿಗ್ಗೆ ಐದರ ಬದಲು ಆರರವರೆಗೆ ಚಾಚಿತು. ರಾತ್ರಿಯ ಇಳಿತಗಳ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ವಿಮಾನ ಸಂಸ್ಥೆಗಳ ಆಕ್ಷೇಪ, ದೆಹಲಿ ಹೈಕೋರ್ಟಿನ ವಿಚಾರಣೆ ಎಲ್ಲ ದಾಟಿ 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಹಂತಗಳಲ್ಲಿ ಇವು ಜಾರಿಗೆ ಬಂದವು. ಡಿಸೆಂಬರ್ ಮೊದಲ ವಾರದಲ್ಲೇ ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೋಗೆ ಚಾಲಕರು ಸಾಲದೆ ಬಂದು ಸಾವಿರಾರು ಹಾರಾಟಗಳು ರದ್ದಾದವು. ಬೆಂಗಳೂರಿನಲ್ಲೂ ಜನ ನಿಲ್ದಾಣದಲ್ಲಿ ರಾತ್ರಿ ಕಳೆದರು. ಕೊನೆಗೆ ಆ ಸಂಸ್ಥೆಗೆ ನಿಯಮಗಳನ್ನು 2026ರ ಫೆಬ್ರವರಿ 10ರವರೆಗೆ ಸಡಿಲಿಸಲಾಯಿತು. ಸಿಟ್ಟಾದ ಪ್ರಯಾಣಿಕರ ಕಷ್ಟ ನಿಜ. ಆದರೆ ನಿದ್ದೆಗೆಟ್ಟ ಚಾಲಕನ ಮೇಲೆ ನಿಂತ ವೇಳಾಪಟ್ಟಿ ಅದೇ ಪ್ರಯಾಣಿಕರ ಪ್ರಾಣವನ್ನು ಅಡವಿಟ್ಟು ಓಡುತ್ತಿತ್ತು ಎಂಬುದೂ ಅಷ್ಟೇ ನಿಜ.

ಭಾರವೇ ಇಲ್ಲದಾಗ

ವಿಮಾನದಲ್ಲಿ ಭಾರ ಹೆಚ್ಚಾಗುವುದು ಕಷ್ಟವಾದರೆ, ಕಕ್ಷೆಯಲ್ಲಿ ಭಾರ ಇಲ್ಲವಾಗುವುದೇ ಕಷ್ಟ. ಎತ್ತು ತಗ್ಗುಗಳ ಅರಿವು ಕೊಡುವ ಒಳಗಿವಿಗೆ ಅಲ್ಲಿ ಕೆಲಸವೇ ಇಲ್ಲ. ಗಗನಯಾತ್ರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಎರಡು ಮೂರು ದಿನ ಓಕರಿಕೆ, ತಲೆಸುತ್ತು ಇರುತ್ತದೆ. 1961ರಲ್ಲಿ ಒಂದು ದಿನವಿಡೀ ಕಕ್ಷೆಯಲ್ಲಿದ್ದ ಸೋವಿಯತ್ ಯಾತ್ರಿ ಗೆರ್ಮನ್ ತಿತೋವ್ ಈ ಕಾಯಿಲೆಯ ಮೊದಲ ರೋಗಿ. ಕಾಲಿನ ಕಡೆ ಇಳಿಯಬೇಕಾದ ರಕ್ತ, ನೀರು ತಲೆಯ ಕಡೆ ಸೇರುವುದರಿಂದ ಮುಖ ಊದಿಕೊಳ್ಳುತ್ತದೆ, ಕಾಲು ಕಡ್ಡಿಯಾಗುತ್ತದೆ, ಸದಾ ನೆಗಡಿಯಾದಂತೆ ಮೂಗು ಕಟ್ಟಿ ಊಟದ ರುಚಿ ಕೆಡುತ್ತದೆ. ಬೆನ್ನುಮೂಳೆ ಸಡಿಲಗೊಂಡು ಮನುಷ್ಯ ಒಂದೆರಡು ಅಂಗುಲ ಎತ್ತರವಾಗುತ್ತಾನೆ, ಜೊತೆಗೆ ಸೊಂಟನೋವು ಬರುತ್ತದೆ. ತಿಂಗಳುಗಟ್ಟಲೆ ಇದ್ದವರಲ್ಲಿ ಕೆಲವರ ದೃಷ್ಟಿ ಬದಲಾಗಿರುವುದೂ ಕಂಡುಬಂದಿದೆ.

ಅತಿ ದೊಡ್ಡ ನಷ್ಟ ಮೂಳೆಗೆ. ಭಾರ ಹೊರುವುದರಿಂದಲೇ ಮೂಳೆ ಗಟ್ಟಿಯಾಗಿರುತ್ತದೆ. ಹೊರುವುದು ನಿಂತರೆ ದೇಹ ಮೂಳೆಯ ಸುಣ್ಣವನ್ನು ಕರಗಿಸಿ ಮೂತ್ರದಲ್ಲಿ ಹೊರಹಾಕತೊಡಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾಗುವ ಭಯವೂ ಹೀಗೆ ಹುಟ್ಟುತ್ತದೆ. ಸೊಂಟ ಮತ್ತು ತೊಡೆಯ ಮೂಳೆಗಳು ತಿಂಗಳಿಗೆ ಶೇಕಡ ಒಂದರಿಂದ ಒಂದೂವರೆಯಷ್ಟು ಸವೆಯಬಲ್ಲವು. ನೆಲದ ಮೇಲೆ ಮುಟ್ಟು ನಿಂತ ಹೆಂಗಸಿನ ಮೂಳೆ ಸುಮಾರು ಒಂದು ವರ್ಷದಲ್ಲಿ ಸವೆಯುವಷ್ಟು ಇದು. ಇದನ್ನು ತಡೆಯಲು ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ. ರಷ್ಯದ ವಲೇರಿ ಪೊಲ್ಯಕೋವ್ 1994–95ರಲ್ಲಿ ಒಂದೇ ಸಲಕ್ಕೆ 437 ದಿನ ಕಕ್ಷೆಯಲ್ಲಿದ್ದು, ಹಿಂದಿರುಗಿದಾಗ ನೌಕೆಯಿಂದ ಎದ್ದು ನಡೆದರು. ಅವರು ಸ್ವತಃ ವೈದ್ಯರು. ದೇಹವನ್ನು ದುಡಿಸಿದರೆ ಅದು ಉಳಿಯುತ್ತದೆ ಎಂಬುದನ್ನು ತಮ್ಮ ಮೇಲೆಯೇ ತೋರಿಸಿಕೊಟ್ಟರು.

ಭಾರತದ ಮೊದಲ ಗಗನಯಾತ್ರಿ ರಾಕೇಶ್ ಶರ್ಮಾ ಮತ್ತು ಅವರ ಬದಲಿಯಾಗಿ ಸಿದ್ಧರಾದ ರವೀಶ್ ಮಲ್ಹೋತ್ರಾ ಅವರ ಪರೀಕ್ಷೆಗಳು ನಡೆದದ್ದು ಬೆಂಗಳೂರಿನಲ್ಲಿ. ಮುಚ್ಚಿದ ಜಾಗದ ಭಯವಿದೆಯೇ ಎಂದು ತಿಳಿಯಲು ಅವರನ್ನು 72 ಗಂಟೆ ಕೋಣೆಯೊಂದರಲ್ಲಿ ಕೂಡಿಹಾಕಲಾಗಿತ್ತು. 1984ರ ಏಪ್ರಿಲ್ 3ರಂದು ಸೊಯೂಝ್ ನೌಕೆಯಲ್ಲಿ ಹೊರಟ ಶರ್ಮಾ ಸಾಲ್ಯೂತ್-7 ನಿಲ್ದಾಣದಲ್ಲಿ ಯೋಗಾಸನಗಳನ್ನು ಮಾಡಿದರು. ಭಾರವಿಲ್ಲದಲ್ಲಿ ಸ್ನಾಯುಗಳು ಹೇಗೆ ವರ್ತಿಸುತ್ತವೆ, ಯೋಗ ನೆರವಾದೀತೇ ಎಂಬುದು ಆ ಪ್ರಯೋಗದ ಪ್ರಶ್ನೆ. ಅವರಿಗೆ ಬುತ್ತಿ ಕಟ್ಟಿಕೊಟ್ಟದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ.

ನಾಲ್ಕು ದಶಕಗಳ ನಂತರ ಗಗನಯಾನಕ್ಕೆ ಆಯ್ಕೆ ನಡೆದದ್ದೂ ವಿಮಾನಪುರದ ಸಂಸ್ಥೆಯಲ್ಲಿಯೇ, 2019ರಲ್ಲಿ. ಆಯ್ಕೆಯಾದವರು ವಾಯುಪಡೆಯ ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್ ಮತ್ತು ಶುಭಾಂಶು ಶುಕ್ಲಾ. ಇವರಲ್ಲಿ ಶುಕ್ಲಾ 2025ರ ಜೂನ್ 25ರಂದು ಅಮೆರಿಕದಿಂದ ಹೊರಟು 18 ದಿನ ಅಂತರರಾಷ್ಟ್ರೀಯ ನಿಲ್ದಾಣದಲ್ಲಿದ್ದು ಜುಲೈ 15ರಂದು ಮರಳಿದರು. ಅವರು ಅಲ್ಲಿ ಮಾಡಿದ ಪ್ರಯೋಗಗಳಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಸ್ನಾಯು ಏಕೆ ಸವೆಯುತ್ತದೆ ಎಂಬುದನ್ನು ತಿಳಿಯುವ ಪ್ರಯೋಗ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದು. ಹೆಸರುಕಾಳು ಮತ್ತು ಮೆಂತ್ಯ ಮೊಳಕೆ ಬರಿಸುವ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದು. ಕಂಪ್ಯೂಟರ್ ಪರದೆಯ ಬಳಕೆ ಅಲ್ಲಿ ಮನಸ್ಸಿಗೆ ಎಷ್ಟು ಹೊರೆ ಎಂಬುದನ್ನು ಕೇಳಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ನೆಲಕ್ಕೆ ಬಂದ ಮೇಲೆ ಶುಕ್ಲಾ ಹೇಳಿದ ಸಂಗತಿಗಳು ಸ್ವಾರಸ್ಯಕರ. ಕೈಗೆತ್ತಿಕೊಂಡ ಫೋನು ಭಾರವೆನಿಸಿತ್ತು. ಲ್ಯಾಪ್‌ಟಾಪನ್ನು ಮುಚ್ಚಿ ಹಾಸಿಗೆಯ ಬದಿಗೆ ಗಾಳಿಯಲ್ಲಿ ಬಿಟ್ಟರಂತೆ, ತೇಲುತ್ತದೆ ಎಂದು. ಅದು ನೆಲಕ್ಕೆ ಬಿತ್ತು. ಮೂರೇ ವಾರದಲ್ಲಿ ಮಿದುಳು ಭೂಮಿಯ ನಿಯಮವನ್ನು ಮರೆತು ಹೊಸದನ್ನು ಕಲಿತಿತ್ತು. ಮತ್ತೆ ಹಳೆಯದಕ್ಕೆ ಬರಲು ಅದಕ್ಕೆ ಕೆಲವು ದಿನ ಬೇಕಾಯಿತು.

ವೈದ್ಯರ ಮುಂದೆ ಮೌನ

ಯಂತ್ರದಿಂದ ಅಳೆಯಲಾಗದ ಒಂದು ತೊಂದರೆ ಉಳಿದಿದೆ. ವೈದ್ಯರ ಬಳಿ ಹೋಗುವ ಸಾಮಾನ್ಯ ರೋಗಿ ಇರುವ ನೋವಿಗಿಂತ ಸ್ವಲ್ಪ ಹೆಚ್ಚೇ ಹೇಳುತ್ತಾನೆ. ವಿಮಾನ ಚಾಲಕ ಕಡಿಮೆ ಹೇಳುತ್ತಾನೆ. ಹೇಳಿದರೆ ಪರವಾನಗಿ ಹೋಗಬಹುದು, ಪರವಾನಗಿ ಹೋದರೆ ಅನ್ನ ಹೋಗುತ್ತದೆ. ನಿದ್ದೆ ಬಾರದಿರುವುದು, ಎದೆ ಹೊಡೆದುಕೊಳ್ಳುವುದು, ಮನಸ್ಸು ಕುಗ್ಗಿರುವುದು ಇವನ್ನೆಲ್ಲ ಮುಚ್ಚಿಟ್ಟುಕೊಳ್ಳುವ ಆಸೆ ಸಹಜ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹಚಾಲಕನೇ ಆಲ್ಪ್ಸ್ ಬೆಟ್ಟಕ್ಕೆ ಹಾಯಿಸಿ 150 ಮಂದಿ ಸತ್ತಾಗ, ಅವನು ತನ್ನ ಮಾನಸಿಕ ಕಾಯಿಲೆಯನ್ನು ಸಂಸ್ಥೆಯಿಂದ ಮುಚ್ಚಿಟ್ಟಿದ್ದುದು ಹೊರಬಂತು. ಅದಾದ ಮೇಲೆ ಹಲವು ದೇಶಗಳು ಪರೀಕ್ಷೆಗಳನ್ನು ಬಿಗಿಗೊಳಿಸಿದ್ದಷ್ಟೇ ಅಲ್ಲ, ಚಾಲಕರು ತಮ್ಮಂಥ ಇನ್ನೊಬ್ಬ ಚಾಲಕರ ಬಳಿ ಭಯವಿಲ್ಲದೆ ಹೇಳಿಕೊಳ್ಳುವ ವ್ಯವಸ್ಥೆಯನ್ನೂ ತಂದವು. ಬಿಗಿ ಹೆಚ್ಚಿದಷ್ಟೂ ಬಾಯಿ ಮುಚ್ಚಿಕೊಳ್ಳುತ್ತದೆ ಎಂಬುದು ಅವರಿಗೆ ಅರ್ಥವಾಗಿತ್ತು.

2025ರಲ್ಲಿ ಇಸ್ರೋ ಹೇಳಿದಂತೆ ಗಗನಯಾನದ ಮಾನವಸಹಿತ ಹಾರಾಟದ ಗುರಿ 2027. ಅದಕ್ಕೆ ರಾಕೆಟ್ಟು, ಕೋಣೆ, ಪ್ಯಾರಾಚೂಟು ಎಲ್ಲವನ್ನೂ ಮತ್ತೆ ಮತ್ತೆ ಪರೀಕ್ಷಿಸಲಾಗುತ್ತಿದೆ. ಯಂತ್ರ ಮುರಿಯುವ ಮೊದಲು ಬಿರುಕು ತೋರಿಸುತ್ತದೆ. ಮನುಷ್ಯ ಮುರಿಯುವ ಮೊದಲು ‘ನನಗೆ ಇಂದು ಆಗುತ್ತಿಲ್ಲ’ ಎನ್ನುತ್ತಾನೆ, ಹಾಗೆನ್ನಲು ಅವನಿಗೆ ಅವಕಾಶವಿದ್ದರೆ. ಆ ಮಾತು ಹೇಳಿದವನ ಸಂಬಳ ಕಡಿಯದೆ, ಹೆಸರು ಕೆಡಿಸದೆ, ಆ ದಿನ ಇನ್ನೊಬ್ಬನನ್ನು ಕೂರಿಸುವ ಸಂಸ್ಥೆಯೇ ಸುರಕ್ಷಿತ ಸಂಸ್ಥೆ. 35,000 ಅಡಿ ಎತ್ತರದ ಕಾಕ್‌ಪಿಟ್ಟಿಗೆ ಹೇಗೋ, ಬೆಳಗಿನ ಜಾವ ನಾಲ್ಕಕ್ಕೆ ಪೀಣ್ಯದ ಪ್ರೆಸ್ಸಿನ ಮುಂದೆ ನಿಂತವನಿಗೂ, ರಿಂಗ್ ರಸ್ತೆಯಲ್ಲಿ ಲಾರಿ ಓಡಿಸುವವನಿಗೂ ಈ ನಿಯಮ ಹಾಗೆಯೇ ಸಲ್ಲುತ್ತದೆ. ಚಾಲಕನ ನಿದ್ದೆಯನ್ನು ಗಂಟೆಯ ಲೆಕ್ಕದಲ್ಲಿ ಅಳೆದು ನಿಯಮ ಬರೆದ ದೇಶ, ಉಳಿದವರ ನಿದ್ದೆಯನ್ನೂ ಒಮ್ಮೆ ಅಳೆದು ನೋಡಬೇಕಾಗಿದೆ.